ಪಾಸ್‌ಪೋರ್ಟಿಗೆ ಅತ್ತೆಯ ಸಾಕ್ಷಿ

ನನಗೆ ಪಾಸ್‌ಪೋರ್ಟ್ ಮಾಡಿಸಿದ್ದು ನನ್ನ ಗಂಡ. ಮದುವೆಯಾದ ಹೊಸದರಲ್ಲಿ ಅವನಿಗೆ ಕೊಲ್ಲಿ ದೇಶಕ್ಕೆ ಹೋಗಿ ದೊಡ್ಡ ಗಾಡಿ ಓಡಿಸುವ ಹುಚ್ಚು ಹಿಡಿದಿತ್ತು. ತನ್ನದನ್ನು ಮಾಡಿಸುವಾಗ "ನಿಂದೂ ಒಂದ ಇರಲಿ ತಗೋ" ಎಂದು, ಸಂತೆಯಲ್ಲಿ ಎರಡನೇ ಕಟ್ಟು ಮೆಂತ್ಯಪಲ್ಯ ಚೀಲಕ್ಕೆ ಹಾಕಿಕೊಂಡ ಹಾಗೆ ನನ್ನದನ್ನೂ ಮಾಡಿಸಿದ. ಅವನ ಹುಚ್ಚು ಎರಡು ತಿಂಗಳಲ್ಲಿ ಇಳಿಯಿತು. ಆಮೇಲೆ ಕೋಳಿ ಸಾಕುವ ಹುಚ್ಚು ಬಂತು, ಅದು ಇಳಿಯುವಷ್ಟರಲ್ಲಿ ಬೋರ್‌ವೆಲ್ ಲಾರಿಯ ಹುಚ್ಚು. ನಾನು ಆಗ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ದಿನಾ ಬಬಲೇಶ್ವರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಸ್ಕತ್ತಿನ ಆಸ್ಪತ್ರೆಯೊಂದಕ್ಕೆ ಡಯಾಲಿಸಿಸ್ ಗೊತ್ತಿರುವ ನರ್ಸುಗಳು ಬೇಕಾಗಿದ್ದಾರೆಂದು ಕೇಳಿ ಅರ್ಜಿ ಹಾಕಿದೆ. ಕರೆ ಬಂತು, ಹೋದೆ. ಅವನ ಪಾಸ್‌ಪೋರ್ಟ್ ಬಬಲೇಶ್ವರದ ಮನೆಯ ಟ್ರಂಕಿನಲ್ಲೇ ಉಳಿಯಿತು, ನನ್ನದು ವಿಮಾನ ಹತ್ತಿತು.

ನಾನು ಹೋದ ಎರಡನೇ ವರ್ಷ ಅವನು ಸೊಲ್ಲಾಪುರದಲ್ಲಿ ಇನ್ನೊಂದು ಸಂಸಾರ ಹೂಡಿದ. ಇದನ್ನು ನನಗೆ ಯಾರೂ ಹೇಳಲಿಲ್ಲ. ಅವನೇ ಒಂದು ದಿನ ವಾಟ್ಸಾಪ್ ಸ್ಟೇಟಸ್ಸಿಗೆ ತೊಟ್ಟಿಲ ಫೋಟೋ ಹಾಕಿ, ಅದನ್ನು ನಾನೂ ನೋಡಬಲ್ಲೆ ಎನ್ನುವುದನ್ನು ಮರೆತುಬಿಟ್ಟಿದ್ದ. ನನ್ನ ಮುಂದಿನ ಎರಡು ರಜೆಗಳು ವಿಜಯಪುರದ ಕೋರ್ಟಿನಲ್ಲಿ ಕಳೆದವು. ಇಬ್ಬರೂ ಒಪ್ಪಿಯೇ ಬಿಡುಗಡೆ ತೆಗೆದುಕೊಂಡೆವು. ಕೊನೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ನನ್ನ ಅತ್ತೆ ನಿಂತು, ಅಲ್ಲಿದ್ದ ಕರಿಕೋಟಿನವರಿಗೆಲ್ಲ ಕೇಳುವಂತೆ, "ಗಂಡನ್ನ ಬಿಟ್ಟು ಅರಬರ ದೇಶಕ್ಕ ಓಡಿಹೋದಾಕಿ ಈಕೀನ ನೋಡ್ರಿ" ಎಂದು ನನ್ನ ಪರಿಚಯ ಮಾಡಿಕೊಟ್ಟರು. ನಾನೂ ಸುಮ್ಮನಿರುವವಳಲ್ಲ. "ನಿಮ್ಮ ಮಗನ್ನ ಮ್ಯೂಜಿಯಮ್ಮಿನಾಗ ಇಡ್ರಿ, ಮಂದಿ ಟಿಕೇಟ್ ತಗೊಂಡು ನೋಡ್ತಾರ" ಎಂದೆ. ಅಲ್ಲಿಗೆ ಮಾತು ನಿಂತಿತು. ಆರು ವರ್ಷ ನಿಂತೇ ಇತ್ತು.

ಕೋರ್ಟು ನನ್ನನ್ನು ಬಿಟ್ಟರೂ ಪಾಸ್‌ಪೋರ್ಟು ಬಿಟ್ಟಿರಲಿಲ್ಲ. ಅದರ ಕೊನೆಯ ಪುಟದಲ್ಲಿ ಪತಿಯ ಹೆಸರು, ಬಬಲೇಶ್ವರದ ಮನೆಯ ವಿಳಾಸ ಎರಡೂ ಹಾಗೇ ಇದ್ದವು. ತಿದ್ದಿಸಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ, ಕೊನೆಯ ಪುಟ ಯಾರು ನೋಡುತ್ತಾರೆ ಅಂತ ಪ್ರತಿ ವರ್ಷ ಬಿಡುತ್ತಿದ್ದೆ. ವಿಮಾನ ನಿಲ್ದಾಣದವರು ಮೊದಲ ಪುಟ ನೋಡುತ್ತಾರೆ, ಮುಖ ನೋಡುತ್ತಾರೆ, ಠಸ್ಸೆ ಹೊಡೆಯುತ್ತಾರೆ. ಹೀಗೆ ಮಾಜಿ ಗಂಡನನ್ನು ಕೈಚೀಲದಲ್ಲಿ ಹಾಕಿಕೊಂಡು ನಾನು ವರ್ಷಕ್ಕೆರಡು ಸಲ ಸಮುದ್ರ ದಾಟುತ್ತಿದ್ದೆ.

ಅದರ ಹತ್ತು ವರ್ಷದ ಆಯುಷ್ಯ ಮುಗಿಯುತ್ತ ಬಂದಿತ್ತು. ಅಲ್ಲಿಯ ವಾಸದ ಕಾರ್ಡು ನವೀಕರಿಸಬೇಕಾದರೆ ಮೊದಲು ಪಾಸ್‌ಪೋರ್ಟ್ ಹೊಸದಾಗಬೇಕು ಎಂದು ಆಸ್ಪತ್ರೆಯ ಕಚೇರಿಯವರು ಹೇಳಿದರು. ಒಂದು ಶನಿವಾರ ಫೋಟೋ ತೆಗೆಸಲು ಹೋದೆ. ಹಿಂದೆ ಬಿಳಿ ಗೋಡೆ ಇರಬೇಕು, ಎರಡೂ ಕಿವಿ ಕಾಣಬೇಕು, ನಗಬಾರದು. ನನ್ನ ಮುಂದಿನ ಎರಡು ಹಲ್ಲು ನಾನು ನಗದಿದ್ದರೂ ತಾವೇ ಹೊರಗೆ ಬಂದು ನಗುತ್ತವೆ. "ಬಾಯಿ ಮುಚ್ಚಿ ಮೇಡಂ" ಎಂದ ಫೋಟೋದವನು. ಮುಚ್ಚಿದ್ದೇನೆ ಎಂದೆ. ಅವನು ಕ್ಯಾಮೆರಾ ಇಳಿಸಿ ಹತ್ತಿರ ಬಂದು ನೋಡಿ, ಹೌದೆಂದು ಒಪ್ಪಿಕೊಂಡು ವಾಪಸ್ ಹೋದ. ನಾಲ್ಕನೇ ಸಲಕ್ಕೆ ಸಿಕ್ಕ ಫೋಟೋದಲ್ಲಿ ನಾನು ಯಾರದೋ ತಿಥಿಯ ಊಟಕ್ಕೆ ಕುಳಿತು ಬೆಲ್ಲ ಸಾಲದಾಗಿದೆ ಎಂದು ಸಿಟ್ಟಾದವಳ ಹಾಗೆ ಕಂಡೆ. ಸರ್ಕಾರಕ್ಕೆ ಅದು ಹಿಡಿಸಿತು.

ಮಸ್ಕತ್ತಿನಲ್ಲೇ ನಮ್ಮ ದೇಶದ ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಕನ್ನಡಕವನ್ನು ಸರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸೊಬ್ಬಳು ಇದ್ದಳು. ಹಿಂದಿಯಲ್ಲಿ ಮಾತಾಡಿದಳು. ಕೋರ್ಟಿನ ಕಾಗದ ನೋಡಿ ಪತಿಯ ಹೆಸರನ್ನು ತೆಗೆದಳು. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ, ನಾನು ಎರಡು ರಜೆ ಕಳೆದುಕೊಂಡ ಕೆಲಸ. ಆಮೇಲೆ ವಿಳಾಸಕ್ಕೆ ಬಂದಳು.

"ಬದಲಾಗಿದೆಯೇ?"

"ಹೌದು. ಈಗ ತವರುಮನೆ, ಟಿಕೋಟಾ."

"ಟಿಕೋಟಾದ ದಾಖಲೆ ಏನಿದೆ?"

ಏನೂ ಇರಲಿಲ್ಲ. ನನ್ನ ಆಧಾರ್ ಕಾರ್ಡೂ ಬಬಲೇಶ್ವರದ್ದೇ. ಅದನ್ನೂ ತಿದ್ದಿಸಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ.

"ಹಾಗಾದರೆ ಹಳೆಯದೇ ಇರಲಿ, ಬೇಗ ಆಗುತ್ತದೆ" ಎಂದಳು. ಬೇಗ ಎನ್ನುವ ಪದ ಕೇಳಿ ನಾನು ತಲೆಯಾಡಿಸಿದೆ. ಅವಳು ಕಂಪ್ಯೂಟರಿನಲ್ಲಿ ಬಬಲೇಶ್ವರವನ್ನು ಹುಡುಕತೊಡಗಿದಳು. ಹಳೆಯ ಪಾಸ್‌ಪೋರ್ಟಿನಲ್ಲಿ ಜಿಲ್ಲೆ ಬಿಜಾಪುರ ಅಂತಿತ್ತು, ಈಗ ವಿಜಯಪುರ. ಟಿಕೋಟಾ, ಬಬಲೇಶ್ವರ ಎರಡೂ ಈ ನಡುವೆ ವಿಜಯಪುರ ತಾಲ್ಲೂಕಿನ ಕಂಕುಳಿಂದ ಇಳಿದು ತಮ್ಮ ತಮ್ಮ ತಾಲ್ಲೂಕು ಮಾಡಿಕೊಂಡಿದ್ದವು. ಹತ್ತು ವರ್ಷದಲ್ಲಿ ಎಲ್ಲರೂ ಬೇರೆ ಮನೆ ಮಾಡಿಕೊಂಡಿದ್ದರು. ಗಂಡ ಸೊಲ್ಲಾಪುರಕ್ಕೆ ಹೋಗಿದ್ದ, ನಾನು ಮಸ್ಕತ್ತಿಗೆ. ಕಾಗದದ ಮೇಲೆ ಮಾತ್ರ ನಾನೊಬ್ಬಳೇ ಗಂಡನಿಲ್ಲದ ಗಂಡನ ಮನೆಯಲ್ಲಿ ಅತ್ತೆಯ ಜೊತೆ ಉಳಿದಿದ್ದೆ.

ನಾಲ್ಕು ವಾರದ ಮೇಲೆ ಮೊಬೈಲಿಗೆ ಸಂದೇಶ ಬಂತು. ಪೊಲೀಸ್ ವರದಿ ಪ್ರತಿಕೂಲವಾಗಿದೆ, ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲ, ವಿವರಣೆ ನೀಡತಕ್ಕದ್ದು. ನಾನು ಡ್ಯೂಟಿಯಲ್ಲಿದ್ದೆ, ಎದುರಿಗೆ ಆರು ಜನರ ರಕ್ತ ಆರು ಯಂತ್ರಗಳಲ್ಲಿ ಸುತ್ತುತ್ತಿತ್ತು. ನನ್ನ ರಕ್ತ ಯಂತ್ರವಿಲ್ಲದೆಯೇ ಕುದಿಯಿತು. ಹೇಗೋ ನಂಬರ್ ಹುಡುಕಿ ಬಬಲೇಶ್ವರದ ಠಾಣೆಗೆ ಫೋನ್ ಮಾಡಿದೆ. ವಿಚಾರಣೆಗೆ ಹೋಗಿದ್ದ ಪೊಲೀಸನೇ ಸಿಕ್ಕ.

"ಹಾಂ, ನೆನಪೈತ್ರಿ ಯಕ್ಕಾ. ನಾನ ಹೋಗಿದ್ದೆ. ನೀವ ಇರಲಿಲ್ಲ."

"ನಾ ಮಸ್ಕತ್ತಿನಾಗ ಅದೀನ್ರಿ ಸರ."

"ಅದನ್ನ ಬರದೇನ್ರಿ, ಇಲ್ಲಿ ಇಲ್ಲಂತ."

"ಅಲ್ಲಿ ಇಲ್ಲಂತನ ಇಲ್ಲಿಂದ ಅರ್ಜಿ ಹಾಕೇನ್ರಿ!"

"ಖರೆ ಐತ್ರಿ. ಆದ್ರ ಫಾರಂದಾಗ ಇಲ್ಲಿ ಇರ್ತೀನಂತ ಬರದೀರಿ. ಇಲ್ಲಿ ಇಲ್ಲದವರನ್ನ ಅದಾರಂತ ನಾ ಹೆಂಗ ಬರೀಲಿ, ನೀವ ಹೇಳ್ರಿ."

"ಮನ್ಯಾಗ ಯಾರಿದ್ರು? ಏನ ಹೇಳಿದ್ರು?" ಎಂದೆ.

"ಅಜ್ಜಿ ಒಬ್ರಿದ್ರಿ. ಭಾಳ ಮಾತಾಡಿದ್ರು" ಎಂದ.

ನನಗೆ ಅಷ್ಟು ಸಾಕಿತ್ತು. ಅತ್ತೆ ಭಾಳ ಮಾತಾಡಿದರೆ ಏನು ಮಾತಾಡಿರುತ್ತಾರೆ ಎನ್ನುವುದನ್ನು ಕೋರ್ಟಿನ ಮೆಟ್ಟಿಲ ಮೇಲೆ ಕೇಳಿದ್ದೆನಲ್ಲ. ಟಿಕೋಟಾದಲ್ಲಿ ಅಣ್ಣನ ಮನೆಯಲ್ಲಿರುವ ಅವ್ವನಿಗೆ ಫೋನ್ ಮಾಡಿದೆ. ಅವ್ವ ಕೇಳಿದವಳೇ ಎದ್ದು ನಿಂತದ್ದು ಫೋನಿನಲ್ಲೇ ಗೊತ್ತಾಯಿತು. "ಆ ಮುದುಕೀದ ಕೆಲಸನ ಇದು. ನೀ ಬಾ, ನಾನೂ ಬರ್ತೇನಿ, ಇಬ್ರೂ ಕೂಡಿ ಹೋಗಿ ಆಕೀ ಚಳಿ ಬಿಡಸೂನು. ಆರು ವರ್ಷ ಆತು ಆಕೀ ಮಾರಿ ನೋಡಿಲ್ಲ ನಾ" ಎಂದಳು. ಹಳೆಯ ಪಾಸ್‌ಪೋರ್ಟಿಗೆ ಇನ್ನೂ ಕೆಲವು ತಿಂಗಳ ಉಸಿರಿತ್ತು. ಹತ್ತು ದಿನದ ರಜೆ ಹಾಕಿ ಅದರ ಮೇಲೆಯೇ ಹೊರಟೆ.

ಮೊದಲು ವಿಜಯಪುರದ ದೊಡ್ಡ ಪೊಲೀಸ್ ಕಚೇರಿಗೆ ಹೋದೆ. ಪಾಸ್‌ಪೋರ್ಟ್ ಮೇಜಿನ ಗುಮಾಸ್ತರು ಮರ್ಯಾದೆಯಿಂದಲೇ ಮಾತಾಡಿದರು. ನಾನು ಹೊರದೇಶದಲ್ಲಿ ನೌಕರಿಗಿದ್ದೇನೆಂದು ಒಂದು ಅಫಿಡವಿಟ್ ಬೇಕು. ಆ ವಿಳಾಸದಲ್ಲಿ ಈಗ ವಾಸವಿರುವವರೊಬ್ಬರು ಠಾಣೆಗೆ ಬಂದು, ಈಕೆ ನಮಗೆ ಗೊತ್ತು, ಈಕೆಯ ನಡತೆ ಹೀಗೆ ಎಂದು ಹೇಳಿಕೆ ಕೊಡಬೇಕು. ಠಾಣೆಯವರು ಮತ್ತೊಂದು ವರದಿ ಕಳಿಸುತ್ತಾರೆ.

"ಅಲ್ಲಿ ವಾಸ ಇರೋರು ನನ್ನ ಅತ್ತೀರಿ. ಮಾಜಿ ಅತ್ತಿ" ಎಂದೆ.

ಗುಮಾಸ್ತರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಅವರಿಗೂ ಮದುವೆಯಾಗಿರಬೇಕು. "ಟ್ರಾಯ್ ಮಾಡ್ರಿ" ಎಂದರು, ಡಾಕ್ಟರು ಕೈಚೆಲ್ಲುವ ಮೊದಲು ಹೇಳುವ ಧಾಟಿಯಲ್ಲಿ.

ಅಫಿಡವಿಟ್ ಮಾಡಿಸಲು ಗಾಂಧಿ ಚೌಕಕ್ಕೆ ಬಂದೆ. ಆಟೋಗಳ ನಡುವೆ ದಾರಿ ಮಾಡಿಕೊಂಡು ಒಂದು ಸಂದಿಯ ಟೈಪಿಂಗ್ ಅಂಗಡಿ ಹೊಕ್ಕೆ. ಬಿಳಿ ಗಡ್ಡದ ಚಾಚಾ ಒಬ್ಬರು ಎರಡೇ ಬೆರಳಲ್ಲಿ ಕಂಪ್ಯೂಟರ್ ಕುಟ್ಟುತ್ತ ಕುಳಿತಿದ್ದರು.

"ಏನಂತ ಹೊಡೀಲಿ ತಂಗಿ?"

"ನಾ ಆ ಮನ್ಯಾಗ ಇಲ್ಲ, ಆದ್ರ ಆ ಮನಿಯಾಕೀನ ಅಂತ ಹೊಡೀರಿ ಚಾಚಾ."

"ಇದು ಎಲ್ಲಾ ಹೆಣ್ಮಕ್ಕಳ ಕತಿ ಐತಲ್ಲ ತಂಗಿ" ಎಂದರು, ತಲೆ ಎತ್ತದೆ. ಯಾರದೋ ಹಳೆಯ ಅಫಿಡವಿಟ್ ತೆರೆದು ಹೆಸರು ಬದಲಿಸಿ ಅಚ್ಚು ತೆಗೆದುಕೊಟ್ಟರು. ಓದಿ ನೋಡಿದರೆ ನಾನು ವಿಧವೆ ಎಂದಿತ್ತು.

"ಚಾಚಾ, ಅಂವ ಇನ್ನೂ ಜೀವಂತ ಅದಾನ್ರಿ."

ಅವರು ಕಾಗದ ವಾಪಸ್ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು. "ಅದಾನೇನು? ಆತು ಬಿಡು, ಬದುಕಸ್ತೇನಿ" ಎಂದು ಕೀ ಒತ್ತತೊಡಗಿದರು. ಒಂದು ಗಳಿಗೆ, ಇರಲಿ ಬಿಡ್ರಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ವಿಚ್ಛೇದಿತೆ ಎಂದು ತಿದ್ದಿಸಿಕೊಂಡು, ನೋಟರಿಯ ಮೊಹರು ಹಾಕಿಸಿಕೊಂಡು, ಅವತ್ತು ಟಿಕೋಟಾಕ್ಕೆ ಹೋಗಿ ಮಲಗಿದೆ.

ಮರುದಿನ ಬೆಳಿಗ್ಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಮನೆಯಲ್ಲೇ ಬಿಟ್ಟು ಬರಲು ನನಗೆ ಪೂರಾ ಒಂದು ತಾಸು ಹಿಡಿಯಿತು. ಜಗಳ ಮಾಡುವುದಾದರೆ ನಾನೊಬ್ಬಳೇ ಸಾಕು, ಸಹಿ ಹಾಕಿಸುವುದಾದರೆ ನೀನು ಬರಲೇಬಾರದು ಎಂದೆ. ಸಿಟ್ಟಿನಿಂದ ಒಳಗೆ ಹೋದವಳು ಒಂದು ಡಬ್ಬಿ ತಂದು ನನ್ನ ಚೀಲಕ್ಕೆ ತುರುಕಿದಳು. "ಶೇಂಗಾ ಚಟ್ನಿ. ಹಾದ್ಯಾಗ ಹಸಿವಾದ್ರ ಇರಲಿ" ಎಂದಳು. ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ಹಾದಿಯಲ್ಲಿ ಅರ್ಧ ಕಿಲೋ ಚಟ್ನಿ ತಿನ್ನುವಷ್ಟು ಹಸಿವೆ ಯಾರಿಗೂ ಆಗುವುದಿಲ್ಲ. ನಾನು ಆಗ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಬಬಲೇಶ್ವರದ ಮನೆಗೆ ಹೋದರೆ ಬೀಗ. ದ್ರಾಕ್ಷಿ ಒಣಗಿಸುವ ಕಾಲ, ಮನೆಯವರೆಲ್ಲ ನಿಡೋಣಿ ರಸ್ತೆಯ ಹೊಲದಲ್ಲಿದ್ದಾರೆ ಎಂದರು ಪಕ್ಕದ ಮನೆಯವರು. ನನ್ನ ಮೈದುನನದು ಅಲ್ಲೊಂದು ದೊಡ್ಡ ಶೆಡ್ಡು ಇದೆ. ಮೇಲೊಂದು ತಗಡು, ನಾಲ್ಕೂ ಕಡೆ ಹಸಿರು ಪರದೆ, ಒಳಗೆ ಅಟ್ಟದ ಮೇಲೆ ಅಟ್ಟ ಬಲೆ ಕಟ್ಟಿ ದ್ರಾಕ್ಷಿ ಹರವಿರುತ್ತಾರೆ. ಒಳಗೆ ಹೊಕ್ಕರೆ ಬೆಲ್ಲದ ಪಾಕ ಹುಳಿಯಾದಂಥ ವಾಸನೆ. ಏಳೆಂಟು ಹೆಂಗಸರು ಒಣಗಿದ ಹಣ್ಣಿನ ತೊಟ್ಟು ಬಿಡಿಸುತ್ತಿದ್ದರು. ನಡುವೆ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಅತ್ತೆ ಕುಳಿತಿದ್ದರು. ಮೊದಲಿಗಿಂತ ಸಣ್ಣಗಾಗಿದ್ದರು. ಕಣ್ಣು ಕಿರಿದು ಮಾಡಿ ಬೆಳಕಿಗೆ ಎದುರಾಗಿ ನಿಂತ ನನ್ನನ್ನು ನೋಡಿದರು.

"ಯಾರ?"

"ನಾನ್ರಿ ಅತ್ತಿ."

"ಯಾರ ಅತ್ತಿ?"

"ಕೋರ್ಟ್ ಆದ ಮ್ಯಾಲ ಏನಂತ ಕರೀಬೇಕ್ರಿ ಹಂಗಾರ? ನೀವ ಹೇಳ್ರಿ."

ಅವರು ನಿಜವಾಗಿಯೂ ಯೋಚಿಸಿದರು. ತೊಟ್ಟು ಬಿಡಿಸುವ ಕೈಗಳೆಲ್ಲ ನಿಂತವು. "ಅತ್ತೀನ ಅನ್ನು" ಎಂದರು ಕೊನೆಗೆ. "ಮತ್ತೇನ ಮೇಡಮ್ ಅಂತೀಯೇನು. ಕುಂಡ್ರು."

ನಾನು ಕುಳಿತೆ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳ ಗಂಟು ಬಿಚ್ಚಿದೆ. ಪೊಲೀಸನ ಎದುರು ನನ್ನ ಮಾನ ಕಳೆದದ್ದು ಯಾಕೆ, ಏನು ಹೇಳಿದಿರಿ ಎಂದು ಕೇಳಿದೆ.

"ಏನ ಹೇಳ್ಲಿ? ಇಲ್ಲಿ ಅದಾಳೇನಂದ, ಇಲ್ಲಂದೆ. ಸುಳ್ಳ ಹೇಳಬೇಕಿತ್ತೇನ? ಒಳಗ ಪಡಸಾಲ್ಯಾಗ ಮಲಗ್ಯಾಳ, ಎಬ್ಬಸ್ಲೇನ ಅನಬೇಕಿತ್ತೇನ?"

"ಪರದೇಶದಾಗ ನೌಕರಿ ಮಾಡ್ತಾಳ ಅಂತ ಒಂದ ಮಾತ ಹೇಳಬೇಕಿತ್ತ್ರಿ."

"ಹೇಳೀನಲ್ಲಬೇ! ಮಸ್ಕತ್ತಿನಾಗ ಅದಾಳ, ಕಿಡ್ನಿ ಹೋದವರ ರಕ್ತ ತೊಳೀತಾಳ, ಈಗ ದೊಡ್ಡ ನರ್ಸ್ ಆಗ್ಯಾಳ, ಕೈಕೆಳಗ ನಾಕ ಮಂದಿ ಅದಾರ, ಹೋದ ವರ್ಷ ಕಾರ್ ಕಲತಾಳ ಅಂತ ಎಲ್ಲಾ ಹೇಳೀನಿ. ಅರ್ಧಾ ತಾಸು ಹೇಳೀನಿ. ಚಾ ಕುಡಿಸೀನಿ. ಆ ಭಾಡ್ಯಾ ಒಂದ ಸಾಲ ಬರಕೊಂಡು ಎದ್ದು ಹೋದ."

ನಾಲ್ಕು ಜನ ಕೈಕೆಳಗಿರುವುದು, ಕಾರು ಕಲಿತದ್ದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ನಿಮ್ಮವ್ವ ಹೇಳ್ತಾಳ. ಮದವ್ಯಾಗ ಸಿಗ್ತಾಳ, ಸೀಮಂತದಾಗ ಸಿಗ್ತಾಳ. ಮೊನ್ನೆ ದವಾಖಾನ್ಯಾಗೂ ಸಿಕ್ಕಿದ್ಲು. ಚಟ್ನಿ ಕಳಸ್ತೇನಿ ಅಂದಿದ್ಲು, ತಂದೀಯೇನ?"

ಆರು ವರ್ಷದಿಂದ ಮುದುಕಿಯ ಮಾರಿ ನೋಡದ ನನ್ನ ಅವ್ವ ಕೊಟ್ಟ ಡಬ್ಬಿಯನ್ನು ಚೀಲದಿಂದ ತೆಗೆದು ಕೊಟ್ಟೆ. ಅತ್ತೆ ಮುಚ್ಚಳ ತೆಗೆದು ಮೂಸಿ, "ಬಳ್ಳೊಳ್ಳಿ ಜಾಸ್ತಿ ಹಾಕ್ಯಾಳ" ಎಂದು ಮತ್ತೆ ಮುಚ್ಚಿ ಪಕ್ಕದಲ್ಲಿಟ್ಟುಕೊಂಡರು. ಮಾತಿನ ನಡುವೆ ಅವರ ಕೈ ರಾಶಿಯಿಂದ ಒಂದೊಂದೇ ಒಣದ್ರಾಕ್ಷಿ ಎತ್ತಿ ಬಾಯಿಗೆ ಹಾಕುತ್ತಿತ್ತು. ಅವರಿಗೆ ಶುಗರ್ ಇರುವುದು ನನಗೆ ಗೊತ್ತು.

"ಅದನ್ನ ತಿನ್ನಬಾರದ್ರಿ ನೀವು."

"ನಿನ್ನ ಪಾಸ್‌ಪೋರ್ಟ್ ನೀ ನೋಡ್ಕೊ. ನನ್ನ ಶುಗರ್ ನಾ ನೋಡ್ಕೊಂತೇನಿ."

ಠಾಣೆಗೆ ಬಂದು ಹೇಳಿಕೆಗೆ ಸಹಿ ಹಾಕಬೇಕು ಎಂದೆ. ಅವರು ಕ್ರೇಟಿನ ಮೇಲೆ ಬೆನ್ನು ನೆಟ್ಟಗೆ ಮಾಡಿದರು. "ಬರ್ತೇನಿ. ಆದ್ರ ಕೋರ್ಟಿನಾಗ ನನ್ನ ಮಗನ್ನ ಮ್ಯೂಜಿಯಮ್ಮಿನಾಗ ಇಡ್ರಿ ಅಂದಿದ್ದಿ. ಅದನ್ನ ವಾಪಸ್ ತಗೋ."

"ನೀವು ನನಗ ಓಡಿಹೋದಾಕಿ ಅಂದಿದ್ರಿ. ಅದನ್ನ ನೀವು ವಾಪಸ್ ತಗೋರಿ."

"ಮೊದಲ ನೀ ತಗೋ."

"ಮೊದಲ ನೀವ ಅಂದದ್ರಿ. ಮೊದಲ ನೀವ ತಗೋರಿ."

ಇದು ಎಷ್ಟು ಹೊತ್ತು ನಡೆಯುತ್ತಿತ್ತೋ ಗೊತ್ತಿಲ್ಲ. ತೊಟ್ಟು ಬಿಡಿಸುತ್ತಿದ್ದವರಲ್ಲಿ ಹಣೆಯ ತುಂಬ ಕುಂಕುಮ ಇಟ್ಟ ಒಬ್ಬ ಹಿರಿಯಳ ತಾಳ್ಮೆ ಮುಗಿಯಿತು. "ಇಬ್ರೂ ಕೂಡೇ ತಗೋರೆ ಯವ್ವಾ! ನಾ ಒಂದು ಎರಡು ಮೂರು ಅಂತೇನಿ, ಇಬ್ರೂ ಒಮ್ಮೆಲೇ ಅಂದುಬಿಡ್ರಿ, ನಮಗೂ ಕೆಲಸ ಐತಿ" ಎಂದಳು. ಅವಳು ಎಣಿಸಿದಳು. ನಾವಿಬ್ಬರೂ ಒಟ್ಟಿಗೇ ಏನನ್ನೋ ಗೊಣಗಿದೆವು. ಅವರು ಏನಂದರೋ ನನಗೆ ಕೇಳಲಿಲ್ಲ, ನಾನು ಏನಂದೆನೋ ಅವರಿಗೂ ಕೇಳಿಸಿರಲಾರದು. ಹೆಂಗಸರೆಲ್ಲ ನಕ್ಕರು. ಅತ್ತೆ ಎದ್ದರು.

ಠಾಣೆಗೆ ಹೋಗುವುದೆಂದರೆ ಹಾಗೇ ಹೋಗಲಾಗುತ್ತದೆಯೇ. ಊರಿಗೆ ಬಂದು, ಮನೆಯ ಬೀಗ ತೆಗೆದು, ಇಳಕಲ್ ಸೀರೆ ಉಟ್ಟು, ಮುಖಕ್ಕೆ ಪೌಡರು ಹಚ್ಚಿಕೊಂಡು ಬಂದರು. ನಾನು ಅಷ್ಟು ಹೊತ್ತು ಜಗುಲಿಯ ಮೇಲೆ ಕುಳಿತಿದ್ದೆ. ಒಳಗೆ ಬಾ ಎಂದು ಅವರು ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ ನನಗೂ ತಿಳಿಯದು.

ಠಾಣೆಯಲ್ಲಿ ಅದೇ ಪೊಲೀಸ. ಮೀಸೆ ದೊಡ್ಡದು, ಮನುಷ್ಯ ಸಾಧು. ಅತ್ತೆಯನ್ನು ಕಂಡು ಅವನ ಮುಖದಲ್ಲಿ ಆ ಅರ್ಧ ತಾಸಿನ ನೆನಪು ಮೂಡಿತು. ಕುರ್ಚಿ ಕೊಟ್ಟು ಕಾಗದ ತೆಗೆದ.

"ಅಜ್ಜಿ, ಇವ್ರು ನಿಮಗ ಏನಾಗಬೇಕ್ರಿ?"

"ಸೊಸಿ ಆಗಿದ್ಲು. ಈಗ ಏನೂ ಆಗಬೇಕಾಗಿಲ್ಲ."

"ಸಂಬಂಧ ಅಂತ ಕಾಲಂ ಐತ್ರಿ. ಏನ ಬರೀಲಿ?"

"ಸಂಬಂಧ ಇಲ್ಲಂತ ಬರಿ."

"ಸಂಬಂಧ ಇಲ್ಲದವರ ಸಾಕ್ಷಿ ಹೆಂಗ ನಡೀತದ್ರಿ?"

"ಕಳ್ಳನ್ನ ಹಿಡದು ಕೋರ್ಟಿನಾಗ ನೀ ಸಾಕ್ಷಿ ಹೇಳ್ತೀಯಲ್ಲೋ ಯಪ್ಪಾ, ಕಳ್ಳ ನಿನಗ ಏನಾಗಬೇಕು?"

ಆಚೆ ಮೇಜಿನಲ್ಲಿದ್ದ ಇನ್ನೊಬ್ಬ ಪೊಲೀಸ ಕೆಮ್ಮಿದ. ನಮ್ಮವನು "ಪರಿಚಯಸ್ಥರು" ಎಂದು ಬರೆದುಕೊಂಡು ಮುಂದೆ ಹೋದ.

"ನಡತಿ ಹೆಂಗೈತ್ರಿ?"

ಅತ್ತೆ ಕುರ್ಚಿಯಲ್ಲಿ ಮುಂದೆ ಸರಿದರು. ಈ ಪ್ರಶ್ನೆಗೆ ಅವರು ಹತ್ತು ವರ್ಷದಿಂದ ಕಾಯುತ್ತಿದ್ದರು. "ನಾಲಿಗಿ ಉದ್ದ. ಸೂಟಿ ಇದ್ರ ಎಂಟರ ತನಕ ಏಳಂಗಿಲ್ಲ. ಸಾರಿಗೆ ಒಂದಿನ ಉಪ್ಪು ಜಾಸ್ತಿ, ಒಂದಿನ ಇಲ್ಲೇ ಇಲ್ಲ. ರೊಟ್ಟಿ ಬಡಿ ಅಂದ್ರ ದೇಶದ ನಕಾಶಿ ಬಡೀತಾಳ."

"ಅಜ್ಜಿ, ಅದಲ್ರಿ. ಕಳವು, ಹೊಡದಾಟ, ಕೇಸು, ಅಂಥಾದ್ದೇನರ?"

"ಕಳವಾ? ಆಕಿಗೆ ತನ್ನ ಸಾಮಾನ ಎಲ್ಲಿಟ್ಟೇನಂತನ ಗೊತ್ತಾಗಂಗಿಲ್ಲ, ಇನ್ನೊಬ್ಬರದು ಏನ ಕದೀತಾಳ."

ಪೊಲೀಸ ನಗುವನ್ನು ಮೀಸೆಯೊಳಗೆ ಹಾಕಿಕೊಂಡು ಬರೆಯತೊಡಗಿದ. ಮುಗಿಯಿತು ಅಂದುಕೊಂಡೆ. ಅತ್ತೆಯ ದನಿ ಸ್ವಲ್ಪ ತಗ್ಗಿತು.

"ಇನ್ನೊಂದ ಬರಕೋ. ನನ್ನ ಮನಿಯವರು ಹಾಸಿಗಿ ಹಿಡದಿದ್ರು, ಎಂಟ ತಿಂಗಳು. ಇಜಾಪುರದಾಗ ಡ್ಯೂಟಿ ಮುಗಿಸಿ ಬಂದು, ದಿನಾ ಸಂಜೀಕ ಅವರನ್ನ ತೊಳದು ಒರಸಿದಾಕಿ ಈಕಿ. ಹೇಸಿಲ್ಲ. ಹೊಟ್ಟ್ಯಾಗ ಹುಟ್ಟಿದ ಮಗ ಮೂಗ ಮುಚಗೊಂಡು ಹೊರಗ ನಿಂತಿದ್ದ. ಅಂಥವನ್ನ ಬಿಟ್ಲು. ಛಲೋ ಮಾಡಿದ್ಲು."

ಠಾಣೆಯ ಫ್ಯಾನು ತಿರುಗುತ್ತಿತ್ತು. ನಾನು ಗೋಡೆಯ ಮೇಲಿನ ಫೋನ್ ನಂಬರುಗಳ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಮಾವನ ಮೈ ಒರೆಸಿದ ಆ ಎಂಟು ತಿಂಗಳಲ್ಲಿ ಅತ್ತೆ ನನಗೆ ಒಂದೇ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಬಿಸಿನೀರು ಹೆಚ್ಚು ಖರ್ಚು ಮಾಡುತ್ತೇನೆ ಎಂದು ಬೈದದ್ದು ನೆನಪಿತ್ತು. ಅವರು ಇದನ್ನೆಲ್ಲ ಎಣಿಸಿ ಇಟ್ಟುಕೊಂಡಿದ್ದಾರೆಂದು ನನಗೆ ಹೇಗೆ ತಿಳಿಯಬೇಕು? ಇಂಥ ಮಾತನ್ನು ಮನೆಯಲ್ಲಿ ಹೇಳದೆ ಪೊಲೀಸ್ ಠಾಣೆಗೆ ಬಂದು ಹೇಳುವ ಜನರ ಜೊತೆ ಸಂಸಾರ ಮಾಡುವುದು ಹೇಗೆ?

"ಇದನ್ನ ಬರಿಯಾಕ ಕಾಲಂ ಇಲ್ರಿ ಅಜ್ಜಿ" ಎಂದ ಪೊಲೀಸ, ಮೆಲ್ಲಗೆ.

"ಇಲ್ಲಂದ್ರ ಮಾಡು. ಗೆರಿ ಹೊಡಿಯಾಕ ಪಟ್ಟಿ ಇಲ್ಲೇನ ನಿನ್ನ ಹಂತ್ಯಾಕ?"

ಅವನು ಗೆರೆ ಹೊಡೆಯಲಿಲ್ಲ. ಬರೆದದ್ದನ್ನು ಓದಿ ಹೇಳಿದ. ಸದರಿ ಅರ್ಜಿದಾರರು ಉದ್ಯೋಗ ನಿಮಿತ್ತ ಹೊರದೇಶದಲ್ಲಿದ್ದು, ಇವರ ಮೇಲೆ ಯಾವುದೇ ಪ್ರಕರಣಗಳು ಇರುವುದಿಲ್ಲ, ನಡತೆ ಉತ್ತಮವಿರುತ್ತದೆ.

"ಉತ್ತಮ ಅಂತ ನಾ ಎಲ್ಲಿ ಅಂದೆ?" ಎಂದರು ಅತ್ತೆ. "ಅಡ್ಡಿ ಇಲ್ಲ ಅಂತ ಬರಿ."

"ಸರ್ಕಾರಿ ಭಾಷಾದಾಗ ಅಡ್ಡಿ ಇಲ್ಲ ಅಂದ್ರ ಉತ್ತಮನ್ರಿ ಅಜ್ಜಿ."

ಇದು ಅವರಿಗೆ ಒಪ್ಪಿಗೆಯಾಯಿತು. ಪೆನ್ನು ತೆಗೆದುಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂರಿಸುತ್ತ ಸಹಿ ಮಾಡಿದರು. ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಬಿತ್ತು. ಅದನ್ನು ಹೊಡೆದು ಮತ್ತೆ ಬರೆದರು.

ಹೊರಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಬಸ್ ನಿಲ್ದಾಣದ ತನಕ ಇಬ್ಬರೂ ನಡೆದೆವು. ಏನಾದರೂ ಹೇಳಬೇಕೆಂದು ನಾನು ಮೂರು ಸಲ ಬಾಯಿ ತೆರೆದೆ. ಮೂರನೇ ಸಲ ಅತ್ತೆ, "ನೊಣ ಹೋಗ್ತಾವ, ಮುಚ್ಚು" ಎಂದರು. ಕೊನೆಗೆ ಬಗ್ಗಿ ಅವರ ಕಾಲು ಮುಟ್ಟಿದೆ. ನಮ್ಮ ನಡುವೆ ಈಗ ಯಾವ ಸಂಬಂಧದ ಲೆಕ್ಕದಲ್ಲಿ ಮುಟ್ಟಿದೆನೋ ನನಗೆ ಗೊತ್ತಿರಲಿಲ್ಲ. ಅವರು ತಲೆಯ ಮೇಲೆ ಕೈಯಿಟ್ಟು, "ಕೂದಲ ಬೆಳ್ಳಗಾಗ್ಯಾವಲ್ಲಬೇ, ಬಣ್ಣ ಹಚಗೋ" ಎಂದರು. ಬಸ್ಸು ಬಂತು. ಹತ್ತುವಾಗ ಹಿಂದಿನಿಂದ ಕೂಗಿ ಹೇಳಿದರು. "ನಿಮ್ಮವ್ವ ಕೇಳಿದ್ರ, ಭಾಳ ಬೈದು ಬಂದೇನಿ ಅಂತ ಹೇಳು. ಖುಷಿ ಆಗ್ತಾಳ."

ಟಿಕೋಟಾದಲ್ಲಿ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಭಾಳ ಬೈದು ಬಂದೆ ಎಂದೆ.

ಅವ್ವನ ಮುಖ ಸಪ್ಪಗಾಯಿತು. "ಅಷ್ಟ ಯಾಕ ಬೈಯಾಕ ಹ್ವಾದಿ? ವಯಸ್ಸಾಗೇತಿ ಆಕಿಗೆ" ಎಂದಳು. ಆಮೇಲೆ ನನ್ನ ಚೀಲದೊಳಗೆ ಇಣುಕಿ ನೋಡಿ, "ಚಟ್ನಿ ಕೊಟ್ಟೆಲ್ಲ?" ಎಂದು ಕೇಳಿದಳು.

ನಾನು ವಾಪಸ್ ಮಸ್ಕತ್ತಿಗೆ ಹೋದ ಐದನೇ ವಾರ ಪಾಸ್‌ಪೋರ್ಟ್ ಬಂದಿದೆ ಎಂದು ಸಂದೇಶ ಬಂತು. ಡ್ಯೂಟಿಗೆ ಹೋಗುವ ಮೊದಲು ಹೋಗಿ ತೆಗೆದುಕೊಂಡೆ. ಹಳೆಯದರ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ಎರಡನ್ನೂ ಕೈಗಿಟ್ಟರು. ಹೊರಗೆ ಬಂದು ನೆರಳು ಹುಡುಕಿ ನಿಂತು ಬಬಲೇಶ್ವರಕ್ಕೆ ಫೋನ್ ಹಚ್ಚಿದೆ. ಮೈದುನನ ಮಗಳು ಎತ್ತಿ, ಅಜ್ಜಿಗೆ ಕೊಡುತ್ತೇನೆ ಎಂದಳು. ಆ ಕಡೆ ತಗಡು ಗಾಳಿಗೆ ಬಡಿಯುವ ಸದ್ದು, ಹೆಂಗಸರ ಕೂಗಾಟ ಕೇಳುತ್ತಿತ್ತು.

"ಅತ್ತಿ, ಪಾಸ್‌ಪೋರ್ಟ್ ಬಂತ್ರಿ."

"ಛಲೋ ಆತು. ಇಲ್ಲಿ ಮಳಿ ಮಾಡ ಹಾಕೇತಿ, ಮ್ಯಾಲಿನ ಅಟ್ಟದ್ದೆಲ್ಲಾ ಇಳಸಾಕತ್ತೇವಿ. ಫೋನ್ ಇಡು, ನಾಳೆ ಹಚ್ಚು" ಎಂದರು.